ಅಳತಿ ನಮ್ಮದು, ಅಂಗಡಿ ಯಾರದು?



ಪೋಸ್ಟ್ ಸ್ವಲ್ಪ ಉದ್ದ ಅದ. ಪುರಸೊತ್ತು ಮಾಡ್ಕೊಂಡು ಪೂರಾ ಓದ್ರಿ, ಆಮ್ಯಾಲೆ ಬೈಯೋದಿದ್ರ ಬೈರಿ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಶೋ ನಡೆಯಿತು. ಅಲ್ಲಿ ಹುಡುಗರು ಮೆಟ್ಟಿಕೊಂಡು ನಡೆದದ್ದು ನಮ್ಮ ಕೊಲ್ಹಾಪುರಿ ನಮೂನಿ ಚಪ್ಪಲಿ. ಕಂಪನಿ ಮೊದಲಿಗೆ ಅದರ ಊರನ್ನೂ ಹೇಳಲಿಲ್ಲ, ಅದನ್ನು ಮಾಡುವ ಜನರನ್ನೂ ಹೇಳಲಿಲ್ಲ. ಇಲ್ಲಿ ಗದ್ದಲ ಆದ ಮೇಲೆ, ಭಾರತದ ಕೈಕೆಲಸದವರ ಚಪ್ಪಲಿಯಿಂದ ಸ್ಫೂರ್ತಿ ಪಡೆದದ್ದು ಅಂತ ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಸಂತ ರೋಹಿದಾಸ ಚರ್ಮೋದ್ಯೋಗ ನಿಗಮ ಮತ್ತು ನಮ್ಮ ರಾಜ್ಯದ ಲಿಡ್ಕರ್ ಜೊತೆ ಒಪ್ಪಂದ ಆಯಿತು. 2,000 ಜೋಡಿ ಇಲ್ಲೇ ಮಾಡಿಸಿ, ಜೋಡಿಗೆ ಸುಮಾರು 800 ಯೂರೊ ಬೆಲೆಗೆ ಮಾರುವ ಯೋಜನೆ. ನಮ್ಮ ರೂಪಾಯಿ ಲೆಕ್ಕದಲ್ಲಿ ಎಂಬತ್ತು ಸಾವಿರದ ಮ್ಯಾಲೆ.

ಆಗ ನಮ್ಮ ಗೆಳೆಯರೆಲ್ಲ ಸಿಟ್ಟಿಗೆದ್ದು ಬರೆದರು. ಕಳ್ಳತನ ಅಂದರು, ಶೋಷಣೆ ಅಂದರು. ಸಿಟ್ಟು ನ್ಯಾಯದ್ದೇ. ಆದರೆ ಆ ವಾರ ದೇಶದ ತುಂಬ ಜನ "ಮಾಡಿದವರ ಕೈಯಿಂದಲೇ ಕೊಳ್ಳಬೇಕು, ಎಲ್ಲಿ ಸಿಗ್ತದ?" ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇತ್ತೇನು? ಕೈಯಾಗ ರಂಪಿಗೆ ಹಿಡಿದ ಎಷ್ಟು ಮಂದಿಗೆ ಸ್ವಂತ ಅಂಗಡಿ ಇತ್ತು?

ನಾನು ಹೇಳಬೇಕಾದದ್ದು ಒಂದೇ ಮಾತು. ಕೆಲಸ ಯಾವತ್ತೂ ನಮ್ಮ ಕೈಯಾಗೇ ಇತ್ತು. ಅಂಗಡಿ ಯಾವತ್ತೂ ಇನ್ನೊಬ್ಬರ ಕೈಯಾಗಿತ್ತು. ಈಗ ಅಂಗಡಿ ಕಟ್ಟುವ ತಂತ್ರಾಂಶ ಪುಕ್ಕಟೆ ಸಿಗ್ತದ, ಅದರ ಒಳಗಿನ ಬರಹವೂ ಎಲ್ಲರಿಗೂ ತೆರೆದದ. ಅದನ್ನು ನಮ್ಮ ಸಂಘಟನೆಗಳು ಕಲಿತು, ಕೂಡಿ ನಡೆಸಬೇಕು. ಇದನ್ನು ಬರೇ ವ್ಯಾಪಾರದ ಮಾತು ಅನ್ನಬ್ಯಾಡ್ರಿ. ಚಳವಳಿಯ ಕೆಲಸ ಅಂತ ತಿಳಕೊಳ್ಳ್ರಿ.

ಅಳತಿಯ ಮಾತು

ಆನ್‌ಲೈನ್ ವ್ಯಾಪಾರದವರು "ಕಸ್ಟಮೈಸ್" ಅನ್ನೋ ದೊಡ್ಡ ಶಬ್ದ ಬಳಸ್ತಾರ. ಗಿರಾಕಿಗೆ ಬೇಕಾದ ಅಳತಿ, ಬಣ್ಣ, ಹೆಸರು ಹಾಕಿ ಮಾಡಿಕೊಡುವ ಮಾಲು ಅಂತ ಅರ್ಥ. ನಗು ಬರ್ತದ. ನಮ್ಮ ಕಿಣ್ಣಿ ಸುಲ್ತಾನದಾಗ, ಇಡೀ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಾಗ ಸಮಗಾರ, ಮಾದರ ಓಣಿಯ ಹಿರಿಯರು ಬ್ಯಾರೆ ಏನು ಮಾಡಿದರು? ಹಾಳಿ ಮ್ಯಾಲೆ ಕಾಲು ಇಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಹೊಡೆದು, ಉಂಗುಟದ ಹತ್ತಿರ ಒಂದು ಗುರುತು, ಹಿಮ್ಮಡದ ಹತ್ತಿರ ಒಂದು ಗುರುತು. ಹೊಲಕ್ಕ ಹೋಗುವವಗ ಅಟ್ಟಿ ದಪ್ಪ, ಮದಿವಿಗೆ ಹೋಗುವವಗ ತೆಳು. ಎತ್ತಿನ ಹಿಂದ ನಡೆಯುವವನ ಮೆಟ್ಟು ಬ್ಯಾರೆ, ಮಾಸ್ತರರ ಮೆಟ್ಟು ಬ್ಯಾರೆ.

ನಮ್ಮ ಓಣಿಯ ಒಬ್ಬ ಕಾಕಾ ಹೇಳ್ತಿದ್ದ: "ತಮ್ಮಾ, ಮನಷ್ಯಾನ ಎರಡೂ ಕಾಲು ಒಂದೇ ಇರಲ್ಲೋ. ಬಲಗಾಲು ಬ್ಯಾರೆ, ಎಡಗಾಲು ಬ್ಯಾರೆ. ಅಂಗಡ್ಯಾಗ ಎರಡಕ್ಕೂ ಒಂದೇ ನಂಬರ್ ಕೊಡ್ತಾರ. ಕಾಲು ಕಚ್ಚಲಾರ್ದ ಏನು ಮಾಡ್ತದ?"

ಕಾಕಾನ ಮಾತನ್ನು ಸರ್ಕಾರದ ವಿಜ್ಞಾನಿಗಳೂ ಒಂದು ರೀತಿಯಲ್ಲಿ ಒಪ್ಪಿದ್ದಾರ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಕೊನೆಯಿಂದ 2022ರ ಮೊದಲ ತಿಂಗಳುಗಳವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ನಮ್ಮ ಜನರ ಪಾದ ಯುರೋಪಿನವರ ಪಾದಕ್ಕಿಂತ ಅಗಲ ಅಂತ ಗೊತ್ತಾಯಿತು. ಅದಕ್ಕೇ "ಭಾ" ಅನ್ನುವ ಹೊಸ ಭಾರತೀಯ ಅಳತಿ ಪದ್ಧತಿಯ ಪ್ರಸ್ತಾಪ ಬಂತು. ಅಂದ್ರ ಇಷ್ಟು ವರ್ಷ ನಾವು ಬ್ರಿಟಿಷರ ನಂಬರಿನಾಗ, ಯುರೋಪಿನ ನಂಬರಿನಾಗ ಕಾಲು ತುರುಕಿಕೊಂಡು ನಡೆದೆವು. ಸರಿಯಾದ ಅಳತಿ ಓಣಿಯಾಗೇ ಇತ್ತು.

ಈ ಸೀಮೆಗೆ ಹರಳಯ್ಯನ ಕಥೆ ಹೇಳಿಕೊಡಬೇಕಾಗಿಲ್ಲ. ಕಲ್ಯಾಣ ನಮಗ ದೂರ ಇಲ್ಲ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಹೊಲಿದರು ಅಂತ ಎಲ್ಲ ಜಯಂತಿಯಲ್ಲೂ ಭಾಷಣ ಆಗ್ತದ. ತ್ಯಾಗದ ಮಾತು ಬರ್ತದ, ಭಕ್ತಿಯ ಮಾತು ಬರ್ತದ. ಹರಳಯ್ಯ ಒಬ್ಬ ಕುಶಲಕರ್ಮಿ, ಅವನಿಗೆ ತನ್ನ ಕೆಲಸದ ಬೆಲೆ ಗೊತ್ತಿತ್ತು ಅನ್ನುವ ಮಾತು ಮಾತ್ರ ಯಾವ ವೇದಿಕೆಯಲ್ಲೂ ಬರಲ್ಲ. ನಮ್ಮವರ ತ್ಯಾಗ ಹಾಡಿ ಹೊಗಳೋದು ಸಸ್ತಾ, ನಮ್ಮವರ ಕೆಲಸಕ್ಕ ದುಡ್ಡು ಕೊಡೋದು ದುಬಾರಿ.

ಪುಕ್ಕಟೆ ಅಂದ್ರ ಏನು?

ನಾನು ಇಂಜಿನಿಯರ್ ಅಲ್ಲ. ಬಿಎ ಓದಿದ ಗುಮಾಸ್ತ. ದಿನಾ ಟಪಾಲು, ಫೈಲು, ಎಕ್ಸೆಲ್ ಶೀಟು. ಹಂಗಾಗಿ ನನಗ ಅರ್ಥ ಆದಷ್ಟೇ ಬರೀತೀನಿ.

ವೂಕಾಮರ್ಸ್, ಓಪನ್‌ಕಾರ್ಟ್, ಪ್ರೆಸ್ಟಾಶಾಪ್, ಮಜೆಂಟೊ ಓಪನ್ ಸೋರ್ಸ್ ಅಂತ ಅಂಗಡಿ ತಂತ್ರಾಂಶಗಳು ಅವ. ನಮ್ಮ ದೇಶದ ನೋಯ್ಡಾದ ಕಂಪನಿಯೊಂದು ಮಾಡಿದ ಬಗಿಸ್ಟೊ ಅಂತನೂ ಒಂದದ. ಇವನ್ನು ಇಳಿಸಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ. ಅಷ್ಟೇ ಆಗಿದ್ರ ನಾನು ಇಷ್ಟು ಬರೀತಿರಲಿಲ್ಲ. ಪುಕ್ಕಟೆ ಸಿಗೋದು ಬಹಳ ಅದ, ವಾಟ್ಸಾಪ್ ಸುದ್ದಿನೂ ಪುಕ್ಕಟೆ. ಇಲ್ಲಿಯ ಮುಖ್ಯ ಮಾತು ಹಕ್ಕಿನದು. ಓಪನ್ ಸೋರ್ಸ್ ಅಂದ್ರ ತಂತ್ರಾಂಶದ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ಲೈಸೆನ್ಸಿನ ಷರತ್ತು ಪಾಲಿಸಿ ಇನ್ನೊಬ್ಬರಿಗೆ ಕೊಡಬಹುದು. ನೀನು ಯಾವ ಓಣಿಯವ, ಅಪ್ಪನ ಹೆಸರೇನು ಅಂತ ಅಲ್ಲಿ ಯಾರೂ ಕೇಳಲ್ಲ. ಅಕ್ಷರ ಕೇಳಿದರೆ ಕಿವಿಗೆ ಸೀಸ ಹೊಯ್ಯಬೇಕು ಅಂತ ಬರೆದಿಟ್ಟ ದೇಶದಾಗ ಇದು ಸಣ್ಣ ಮಾತಲ್ಲ.

ಇದರ ಬಲ ಏನು ಅಂತ ಎರಡು ಉದಾಹರಣೆ. ವೂಕಾಮರ್ಸ್ ಹುಟ್ಟಿದ್ದು 2011ರಲ್ಲಿ. ಅದೂ ಹೊಸದಾಗಿ ಬರೆದದ್ದಲ್ಲ, ಜಿಗೋಶಾಪ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ತಂತ್ರಾಂಶವನ್ನು ತಗೊಂಡು ತಿದ್ದಿ ಬೆಳೆಸಿದ್ದು. ಲೈಸೆನ್ಸ್ ಅದಕ್ಕೆ ಅವಕಾಶ ಕೊಟ್ಟಿತ್ತು. ಎರಡನೇದು ಮಜೆಂಟೊ. 2018ರಲ್ಲಿ ಅಡೋಬಿ ಎಂಬ ಭಾರೀ ಕಂಪನಿ ಅದನ್ನು ಕೊಂಡಿತು. ಆದರೂ ಓಪನ್ ಸೋರ್ಸ್ ಆವೃತ್ತಿ ಉಳಿದದ, ಅದರ ಮೇಲೆ ಅಂಗಡಿ ಕಟ್ಟಿಕೊಂಡವರ ಅಂಗಡಿಗೆ ಯಾರೂ ಬೀಗ ಹಾಕಲಿಲ್ಲ. ಮಾಲೀಕ ಬದಲಾದರೂ ಬಾಡಿಗೆದಾರನನ್ನು ಹೊರಗೆ ಹಾಕಲಾಗದ ಮನಿ ಇದ್ದಂಗ.

ಈಗ ಅಳತಿಯ ಮಾತಿಗೆ ಬರೋಣ. ಓಪನ್‌ಕಾರ್ಟ್‌ನಲ್ಲಿ ಪ್ರತಿ ಮಾಲಿಗೂ "ಆಪ್ಷನ್" ಇಡಬಹುದು. ಬಣ್ಣ ಆರಿಸುವ ಪಟ್ಟಿ, ಹೆಸರು ಬರೆಯುವ ಖಾಲಿ ಜಾಗ, ಅಷ್ಟೇ ಅಲ್ಲ, ಗಿರಾಕಿ ಫೋಟೊ ಏರಿಸುವ ಜಾಗನೂ ಅದರಾಗೇ ಅದ. ಪ್ರೆಸ್ಟಾಶಾಪ್‌ನಲ್ಲೂ ಹಾಂಗೇ. ವೂಕಾಮರ್ಸ್‌ನಲ್ಲಿ ಸೈಜು, ಬಣ್ಣ, ಬೆಲೆಯ ವ್ಯತ್ಯಾಸ ಇಡೋದು ಮೂಲದಲ್ಲೇ ಬರ್ತದ, ಫೋಟೊ ಏರಿಸಲು ಬೇರೆ ಪ್ಲಗಿನ್ ಹಾಕಬೇಕು. ಅಂದ್ರ ಪುಣೆಯಲ್ಲಿ ಕೂತ ನಮ್ಮ ಹುಡುಗ ಒಂದು ಬಿಳಿ ಹಾಳಿ ಮ್ಯಾಲೆ ಎರಡೂ ಕಾಲಿಟ್ಟು, ಗೆರೆ ಹೊಡೆದು, ಪಕ್ಕದಾಗ ಒಂದು ಸ್ಕೇಲ್ ಇಟ್ಟು ಫೋಟೊ ಹೊಡೆದು ಏರಿಸಿದರೆ ಸಾಕು. ಸ್ಕೇಲ್ ಯಾಕಂದ್ರ ಫೋಟೊದಾಗ ಕಾಲು ಎಷ್ಟು ಉದ್ದ ಅಂತ ತಿಳಿಯಲ್ಲ, ಸ್ಕೇಲ್ ಇದ್ರ ತಿಳೀತದ. ಫೋಟೊ ಓರೆಯಾಗಿ ಹೊಡೆದರೆ ಅಳತಿ ತಪ್ಪುತದ, ಅದಕ್ಕೇ ನೇರ ಮ್ಯಾಲಿಂದ ಹೊಡೀರಿ ಅಂತ ಕನ್ನಡದಾಗ, ಮರಾಠಿಯಾಗ ಬರೆದಿಡಬೇಕು. ಕಾಕಾ ಸಾವಿರಾರು ಸಲ ಮಾಡಿದ ಕೆಲಸವೇ ಇದು, ಹಾಳಿ ಮಾತ್ರ ದೂರದಿಂದ ಬರ್ತದ.

ನಾನು ಒಬ್ಬ ಹುಡುಗನನ್ನು ಕೂಡಿಸಿಕೊಂಡು ಹಳೇ ಲ್ಯಾಪ್‌ಟಾಪ್‌ನಲ್ಲಿ ಇದನ್ನೆಲ್ಲ ಹಚ್ಚಿ ನೋಡಿದೆ. ಇಂಟರ್‌ನೆಟ್‌ಗೆ ಬಿಡುವ ಮೊದಲು ನಮ್ಮ ಕಂಪ್ಯೂಟರಿನಲ್ಲೇ ಪುಕ್ಕಟೆ ಪ್ರಯೋಗ ಮಾಡಬಹುದು. ಎರಡು ಭಾನುವಾರ ಹಿಡಿಯಿತು. ಬ್ರಹ್ಮವಿದ್ಯೆ ಏನಲ್ಲ.

ದೊಡ್ಡ ತಾಣದಾಗ ಯಾಕ ಮಾರಬಾರದು?

ಮಾರಬಾರದು ಅಂತ ನಾನು ಅನ್ನಲ್ಲ. ಅದೊಂದನ್ನೇ ನಂಬಬಾರದು ಅಂತೀನಿ.

ನಮ್ಮ ಸಂಬಂಧಿಕರ ಹುಡುಗನೊಬ್ಬ ಒಂದು ದೊಡ್ಡ ಆನ್‌ಲೈನ್ ತಾಣದಾಗ ಮಾಲು ಇಟ್ಟಿದ್ದ. ಹೆಸರು ಬ್ಯಾಡ. ಆರ್ಡರ್ ಬಂದವು, ಸುಳ್ಳಲ್ಲ. ಆದರೆ ಮೆಟ್ಟಿ ತಿರುಗಾಡಿ ವಾಪಸ್ ಕಳಿಸಿದವರೂ ಬಹಳ. ಒಂದು ಸಲ ಅವನ ಜೋಡಿ ಬದಲು ಯಾರದೋ ಹರಕು ಪ್ಲಾಸ್ಟಿಕ್ ಚಪ್ಪಲಿ ವಾಪಸ್ ಬಂತು. ಕಮಿಷನ್, ಸಾಗಾಟ, ವಾಪಸ್ ಸಾಗಾಟ ಎಲ್ಲ ಕಳೆದು ಕೈಗೆ ಬಂದದ್ದು ಕೂಲಿಯೂ ಅಲ್ಲ. ಆಮ್ಯಾಲೆ ಒಂದಿನ ಖಾತೆ ಬಂದ್. ಯಾಕ ಅಂತ ಕೇಳಿದರೆ ಮಷೀನ್ ಬರೆದ ಉತ್ತರ. ಎರಡು ವರ್ಷದಾಗ ಕೊಂಡ ಗಿರಾಕಿಗಳಲ್ಲಿ ಒಬ್ಬರ ಫೋನ್ ನಂಬರೂ ಅವನ ಹತ್ತಿರ ಇರಲಿಲ್ಲ. ಗಿರಾಕಿ ತಾಣದ ಗಿರಾಕಿ, ಇವನು ಬರೇ ಮಾಲು ಹೊಂದಿಸಿ ಕೊಡುವವ.

ಸಂತೆಯ ದಲ್ಲಾಳಿಗೂ ಇದಕ್ಕೂ ಏನು ಫರಕ್ ಅದ ಹೇಳ್ರಿ? ದಲ್ಲಾಳಿ ಬೈದರೂ ಎದುರಿಗೆ ಕೂತು ಬೈತಿದ್ದ.

ಇನ್ನೊಂದು ಮಾತು ಹೆಸರಿನದು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕ ಸುದ್ದಿ ಬಂತು. ಅರ್ಜಿ ಹಾಕಿದ್ದು ಎರಡೂ ರಾಜ್ಯಗಳ ಚರ್ಮ ನಿಗಮಗಳು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಒಟ್ಟು ಎಂಟು ಜಿಲ್ಲೆ. ನಮ್ಮ ಕಲಬುರಗಿ ಇಲ್ಲ. ಪಕ್ಕದ ಸೊಲ್ಲಾಪುರ ಅದ, ಪಕ್ಕದ ವಿಜಯಪುರ ಅದ, ನಡುವ ನಾವು ಇಲ್ಲ. ಜಾಲಿ ಚಕ್ಕೆ, ಅಳಲೇಕಾಯಿ ಹಾಕಿ ಹದ ಮಾಡಿದ ಚರ್ಮಕ್ಕ ಜಿಲ್ಲಾ ಗಡಿ ಗೊತ್ತಿಲ್ಲ, ಕಾನೂನಿಗೆ ಗೊತ್ತದ. ಹಂಗಾಗಿ ನಮ್ಮ ಮಾಲಿಗೆ ಕೊಲ್ಹಾಪುರಿ ಅಂತ ಹೆಸರಿಟ್ಟು ಮಾರುವುದು ಸರಿಯಲ್ಲ. ದೊಡ್ಡ ತಾಣದಾಗ ಜನ ಹುಡುಕೋದು ಆ ಶಬ್ದವನ್ನೇ, ಅದಿಲ್ಲದಿದ್ರ ನೀವು ಕಣ್ಣಿಗೇ ಬೀಳಲ್ಲ. ಸ್ವಂತ ಅಂಗಡಿಯಲ್ಲಿ ನಮ್ಮ ಹೆಸರು ನಾವೇ ಇಡಬಹುದು. "ಆಳಂದ ಜೋಡು" ಅನ್ರಿ, "ಭೀಮಾ ತೀರದ ಮೆಟ್ಟು" ಅನ್ರಿ.

ಜಾತಿ ಆನ್‌ಲೈನ್‌ನಲ್ಲೂ ಅದ

ಕೆಲವರು ಅಂತಾರ, ಇಂಟರ್‌ನೆಟ್‌ಗೆ ಜಾತಿ ಇಲ್ಲ, ಗಿರಾಕಿಗೆ ಮಾಲು ಚಂದ ಇದ್ರ ಆಯ್ತು ಅಂತ. ಬಾಬಾಸಾಹೇಬರ ಬದುಕು ಓದಿದವರು ಹೀಗನ್ನಬಾರದು. ಕೊಲಂಬಿಯಾದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞ, ಬಡೋದಾ ಬಿಟ್ಟು ಮುಂಬೈಗೆ ಬಂದ ದಿನಗಳಲ್ಲಿ ಷೇರು, ಹೂಡಿಕೆಯ ಸಲಹೆ ಕೊಡುವ ವ್ಯವಹಾರ ಶುರು ಮಾಡಿದ್ದರು. ಸಲಹೆಗಾರ ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ಬಿಟ್ಟರು. ವ್ಯವಹಾರ ನಿಂತಿತು. ಅವರ ಬುದ್ಧಿ ಕಡಿಮೆ ಇತ್ತೇನು? ಮಾರುಕಟ್ಟೆಗೆ ಕಣ್ಣಿಲ್ಲ ಅಂತಾರ. ಅದಕ್ಕ ಅಡ್ಡಹೆಸರು ಓದುವಷ್ಟು ಕಣ್ಣು ಅದ.

ಈಗಿನ ಕಾನೂನು ನೋಡ್ರಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯವರು ತಮ್ಮ ಹೆಸರು, ವಿಳಾಸ, ವಾಪಸ್ ನಿಯಮ, ದೂರು ಕೇಳುವವರ ವಿವರ ಕಾಣುವಂತೆ ಹಾಕಬೇಕು. ಗಿರಾಕಿಗೆ ಇದು ಒಳ್ಳೇದು. ಆದರೆ ಹೆಸರು, ಓಣಿ ಹಾಕಿದ ಕೂಡಲೇ ಓದುವವರು ಓದಿಕೊಳ್ತಾರ. ಚಪ್ಪಲಿಗೆ ತೊಂದರೆ ಇಲ್ಲ, ಅದು "ಅವರೇ" ಮಾಡಬೇಕು ಅಂತ ಲೋಕಕ್ಕ ಗೊತ್ತು. ನಾಳೆ ಅದೇ ಹುಡುಗಿ ಅದೇ ಅಂಗಡಿಯಲ್ಲಿ ಶೇಂಗಾ ಹೋಳಿಗಿ, ಕಡಕ್ ರೊಟ್ಟಿ, ತೊಗರಿಬ್ಯಾಳಿ ಇಟ್ಟು ನೋಡಲಿ. ಆವಾಗ ಗೊತ್ತಾಗ್ತದ ಇಂಟರ್‌ನೆಟ್‌ನ ಜಾತಿ.

ಹಂಗಾದ್ರ ಹೆಸರು ಮುಚ್ಚಿಡಬೇಕೇನು? ಮುಂಬೈಯಲ್ಲಿ ಸುಧೀರ್ ರಾಜ್‌ಭರ್ ಎಂಬ ಕಲಾವಿದ ತಮ್ಮ ಬ್ರ್ಯಾಂಡಿಗೆ "ಚಮಾರ್" ಅಂತಲೇ ಹೆಸರಿಟ್ಟರು. ಮಹಾರಾಷ್ಟ್ರದಲ್ಲಿ 2015ರ ಗೋಹತ್ಯೆ ನಿಷೇಧ ಕಾನೂನಿನಿಂದ ಚರ್ಮದ ಕೆಲಸಕ್ಕ ಹೊಡೆತ ಬಿದ್ದ ಮೇಲೆ, ಧಾರಾವಿಯ ಕೆಲಸಗಾರರ ಜೊತೆ ಮರುಬಳಕೆಯ ರಬ್ಬರಿನಿಂದ ಚೀಲ ಮಾಡಿದರು. ಬೈಗುಳ ಅಂತ ಬಳಸುತ್ತಿದ್ದ ಶಬ್ದವನ್ನೇ ಬ್ರ್ಯಾಂಡ್ ಮಾಡಿ ಮಾರಿದರು. ಎಲ್ಲರೂ ಹಾಂಗೇ ಮಾಡಬೇಕಂತಿಲ್ಲ. ಹೆಸರು ತೋರಿಸೋದೋ ಬಿಡೋದೋ ಅನ್ನುವ ತೀರ್ಮಾನ ನಮ್ಮ ಕೈಯಾಗ ಇರಬೇಕು. ಅದು ಸ್ವಂತ ಅಂಗಡಿಯಲ್ಲಿ ಮಾತ್ರ ಸಾಧ್ಯ.

"ಮತ್ತ ಚಪ್ಪಲಿ ಹೊಲಿಯೋದಕ್ಕೇ ಹಚ್ಚತೀರೇನು?"

ಈ ಪ್ರಶ್ನೆ ಬಂದೇ ಬರ್ತದ, ಬರಬೇಕು ಕೂಡ. ಬಾಬಾಸಾಹೇಬರು ಸತ್ತ ದನ ಎಳೆಯೋದು ಬಿಡ್ರಿ, ಹುಟ್ಟಿನಿಂದ ಹೊರಿಸಿದ ಹೊಲಸು ಕೆಲಸ ಬಿಡ್ರಿ, ಓದ್ರಿ ಅಂದರು. ನಮ್ಮ ಅಪ್ಪ ಅವ್ವ ಕೂಲಿ ಮಾಡಿ ನಮ್ಮನ್ನು ಓದಿಸಿದ್ದು ಉಳಿ, ರಂಪಿಗೆ ಕೈಗೆ ಬರಬಾರದು ಅಂತಲೇ. ಈಗ ಚಳವಳಿಯವರೇ ಕುಲಕಸುಬಿನ ಗುಣಗಾನ ಮಾಡಿದರೆ ಅದು ಮನುವಿನ ಕೆಲಸ ಆಗ್ತದ.

ನನ್ನ ಉತ್ತರ ನೇರ ಅದ. ಯಾರ ಮಗನೂ ಹೊಲಿಯಬೇಕು ಅಂತ ನಾನು ಹೇಳ್ತಿಲ್ಲ. ಇವತ್ತು ಹೊಲಿಯುತ್ತಿರುವವನಿಗೆ ಅವನ ಕೆಲಸದ ಪೂರ್ತಿ ಬೆಲೆ ಸಿಗಬೇಕು ಅಂತ ಹೇಳ್ತಿದ್ದೀನಿ. ಅವನ ಮಗ, ಮಗಳು ಡಿಗ್ರಿ ಮುಗಿಸಿ ಕೆಲಸ ಇಲ್ದ ಕೂತಾರ. ಪುಣೆ, ಮುಂಬೈ, ಹೈದರಾಬಾದ್‌ಗೆ ಸೆಕ್ಯೂರಿಟಿ ಗಾರ್ಡ್ ಆಗಿ ಹೊಂಟಾರ. ಅಂಗಡಿಯ ಫೋಟೊ, ಬರಹ, ಲೆಕ್ಕ, ತಂತ್ರಾಂಶ ಆ ಮಕ್ಕಳ ಕೈಗೆ ಬರಬೇಕು. ಕುಲಕಸುಬಿನಾಗ ಹೊಲಿಗೆ ನಮಗ ಬಂತು, ವ್ಯಾಪಾರ ಬರಲಿಲ್ಲ. ಜಾತಿ ನಮ್ಮಿಂದ ಕಸಿದದ್ದು ಗಲ್ಲಾಪೆಟ್ಟಿಗೆಯನ್ನ. ಅದನ್ನ ಹಿಡೀರಿ ಅಂತೀನಿ.

ಅಲ್ಲದ, ಅಂಗಡಿ ಕಟ್ಟೋದು ಕಲಿತ ಮೇಲೆ ಅದು ಚಪ್ಪಲಿಗೇ ಸೀಮಿತ ಅಲ್ಲ. ಏಪ್ರಿಲ್ 14 ಬಂತು ಅಂದ್ರ ನಮ್ಮ ಊರೂರಿನ ಸಂಘಗಳು ನೀಲಿ ಟೀ-ಶರ್ಟ್, ಬಾವುಟ, ಫೋಟೊ ಫ್ರೇಮ್ ತರಿಸ್ತಾವ. ಊರ ಹೆಸರು, ಸಂಘದ ಹೆಸರು ಹಾಕಿಸ್ತಾವ. ಅದೂ ಕಸ್ಟಮೈಸ್ ಮಾಲೇ ಅಲ್ಲೇನು? ಆ ದುಡ್ಡು ಎಲ್ಲಿ ಹೋಗ್ತದ? ಬಾಬಾಸಾಹೇಬರ ಚಿತ್ರ ನಮ್ಮ ಎದಿ ಮ್ಯಾಲೆ, ಲಾಭ ಇನ್ಯಾರದೋ ಜೇಬಿನಾಗ.

ಲೆಕ್ಕ, ತೊಂದರೆ

ತಂತ್ರಾಂಶ ಪುಕ್ಕಟೆ, ಅಂಗಡಿ ಪುಕ್ಕಟೆ ಅಲ್ಲ. ಸುಳ್ಳು ಆಸೆ ತೋರಿಸೋ ಪೋಸ್ಟ್ ಇದಲ್ಲ.

ವೆಬ್ ವಿಳಾಸ, ಸರ್ವರ್ ಜಾಗಕ್ಕೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಬೇಕು. ಲೆಕ್ಕಕ್ಕ ಆರು ಸಾವಿರ ಅಂತ ಹಿಡೀರಿ. ವರ್ಷಕ್ಕ 20 ಜೋಡಿ ಮಾರಿದರೆ ಜೋಡಿಗೆ 300 ರೂಪಾಯಿ ಬಿತ್ತು, ದಿವಾಳಿ. 200 ಜೋಡಿ ಮಾರಿದರೆ ಜೋಡಿಗೆ 30 ರೂಪಾಯಿ. ಒಬ್ಬರೇ ಮಾಡಬಾರದು, ಕೂಡಿ ಮಾಡಬೇಕು ಅನ್ನೋದು ಇದಕ್ಕೇ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕ ಇಲ್ಲ. ಕಾರ್ಡ್ ತಗೊಂಡ್ರ ಪೇಮೆಂಟ್ ಗೇಟ್‌ವೇ ಶುಲ್ಕ ಬೀಳ್ತದ. ಶುರುವಿಗೆ ಯುಪಿಐ ಸಾಕು.

ಅಳತಿ ಕೊಟ್ಟು ಮಾಡಿಸಿದ ಮಾಲು ವಾಪಸ್ ಬಂದರೆ ಇನ್ನೊಬ್ಬರಿಗೆ ಮಾರಲಾಗಲ್ಲ. ಅದಕ್ಕ ಅರ್ಧ ಹಣ ಮುಂಗಡ. ಅಳತಿ ನಮ್ಮ ಕಡೆಯಿಂದ ತಪ್ಪಿದ್ರ ನಮ್ಮ ಖರ್ಚಿನಲ್ಲಿ ತಿದ್ದಿ ಕಳಿಸೋದು. ಇದನ್ನು ಆರ್ಡರ್ ಹಾಕುವ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಎಷ್ಟು ದಿನ ಹಿಡೀತದ ಅಂತನೂ ಬರೀಬೇಕು. ಕೈಕೆಲಸ ಎರಡು ದಿನದಾಗ ಮನಿ ಮುಟ್ಟಲ್ಲ.

ಜಿಎಸ್‌ಟಿ ವಿಷಯ ಗುಮಾಸ್ತನಾಗಿ ಹೇಳ್ತೀನಿ, ಗಮನ ಕೊಡ್ರಿ. ಕರ್ನಾಟಕದ ಒಳಗೇ ಮಾಲು ಮಾರಿದರೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಬೇರೆ ರಾಜ್ಯಕ್ಕೆ ಮಾರಿದರೆ ಲೆಕ್ಕ ಬ್ಯಾರೆ. ಅಕ್ಕಲಕೋಟ ನಮಗ ಪಕ್ಕದ ತಾಲೂಕು, ಆದರೆ ಅದು ಮಹಾರಾಷ್ಟ್ರ. ಅಲ್ಲಿಗೆ ಮಾರಾಟ ಶುರು ಮಾಡುವ ಮೊದಲು ನೋಂದಣಿಯ ಮಾತು ತೆರಿಗೆ ಸಲಹೆಗಾರರ ಹತ್ತಿರ ಕೇಳಲೇಬೇಕು. ನೋಂದಣಿ ಆದರೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಶೇ 5 ತೆರಿಗೆ, ಅದರ ಮೇಲಿನದಕ್ಕೆ ಶೇ 18. ಇನ್ನೊಂದು ಸೂಕ್ಷ್ಮ ಅದ. ಹತ್ತು ಮಂದಿ ಬೇರೆ ಬೇರೆ ಮಾರಾಟಗಾರರನ್ನು ಒಂದೇ ತಾಣದಲ್ಲಿ ಕೂಡಿಸಿ, ದುಡ್ಡು ತಗೊಂಡು ಹಂಚಿದರೆ ಕಾನೂನಿನ ಕಣ್ಣಿಗೆ ನೀವು ಇ-ಕಾಮರ್ಸ್ ಆಪರೇಟರ್. ಅದಕ್ಕ ವಹಿವಾಟು ಎಷ್ಟೇ ಇರಲಿ ನೋಂದಣಿ, ತೆರಿಗೆ ಹಿಡಿಯುವ ಕೆಲಸ ಎಲ್ಲ ಗಂಟು ಬೀಳ್ತದ. ಸಹಕಾರ ಸಂಘ ಮಾಡಿ, ಸಂಘವೇ ಮಾಡುವವರಿಂದ ಕೊಂಡು ತನ್ನ ಹೆಸರಲ್ಲಿ ಮಾರಿದರೆ ದಾರಿ ಸರಳ.

ಚರ್ಮದ ತೊಂದರೆಯನ್ನೂ ಮುಚ್ಚಿಡಲ್ಲ. 2021ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲೂ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಬಿಗಿಯಾಗಿ ಬಂತು. ಚರ್ಮ ಸಾಗಿಸುವವನನ್ನು ದಾರಿಯಾಗ ತಡೆದು ನಿಲ್ಲಿಸುವ ಭಯ ಯಾವ ತಂತ್ರಾಂಶದಿಂದಲೂ ಹೋಗಲ್ಲ. ಬಿಲ್ಲು, ರಸೀದಿ ಇಟ್ಟುಕೊಳ್ಳೋದು ಒಂದು ಕಡೆ, ಆ ಕಾನೂನಿನ ವಿರುದ್ಧದ ಹೋರಾಟ ಇನ್ನೊಂದು ಕಡೆ. ಎರಡೂ ಕೂಡಿ ನಡೀಬೇಕು.

ಸರ್ಕಾರಕ್ಕ ಕೇಳಬೇಕಾದದ್ದು

2023ರ ಸೆಪ್ಟೆಂಬರ್‌ನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವವರೂ ಇದ್ದಾರ. ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮ್ಯಾಲೆ ಎರಡು ಲಕ್ಷದವರೆಗೆ ಸಾಲ. ಉಳಿ ಕೊಟ್ಟರು, ಸಾಲ ಕೊಟ್ಟರು. ಗಿರಾಕಿಯನ್ನು ಎಲ್ಲಿಂದ ತರೋದು?

ಲಿಡ್ಕರ್ 1976ರಿಂದ ಅದ. ಅದರ ಮಳಿಗೆಗಳು ದೊಡ್ಡ ಊರಿನಾಗ ಅವ. ಅಥಣಿಯ ಕಡೆ ಹೆಣ್ಣುಮಕ್ಕಳು ಕೂಡಿ ಟೋಹೋಲ್ಡ್ ಅನ್ನುವ ಹೆಸರಲ್ಲಿ ಚಪ್ಪಲಿ ಮಾಡಿ ವಿದೇಶಕ್ಕೆ ಕಳಿಸಿ ತೋರಿಸಿದ್ದಾರ, ಅಂದ್ರ ಕೂಡಿ ಮಾಡೋದು ಕನಸಲ್ಲ. 2013ರ ಕಾನೂನಿನ ಪ್ರಕಾರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣ ನಮ್ಮ ಹಕ್ಕು. ಅದನ್ನು ಬೇರೆ ಕಡೆ ತಿರುಗಿಸಿದಾಗ ನಾವು ಧರಣಿ ಕೂತಿದ್ದೇವ. ಇನ್ನು ಮುಂದ ಬೇಡಿಕೆ ಪಟ್ಟಿಯಾಗ ಇವೂ ಸೇರಲಿ:

1. ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿಗೆ ಒಂದೊಂದು ತರಬೇತಿ ತಂಡ. ಹೊಲಿಗೆಯ ತರಬೇತಿ ಸಾಕು, ಅಂಗಡಿ ನಡೆಸುವ ತರಬೇತಿ ಬೇಕು. ಓಪನ್ ಸೋರ್ಸ್ ತಂತ್ರಾಂಶದ ಮೇಲೆ, ಕನ್ನಡದಲ್ಲಿ.

2. ಕಲಬುರಗಿ ಜಿಲ್ಲೆಯ ಚರ್ಮದ ಕೈಕೆಲಸದ ದಾಖಲೆ, ಸಮೀಕ್ಷೆ. ಯಾವ ಊರಾಗ ಎಷ್ಟು ಮನಿ, ಯಾವ ನಮೂನಿ. ನಮ್ಮ ಹೆಸರಿಗೆ ಕಾನೂನಿನ ರಕ್ಷಣೆ ಕೇಳಬೇಕಂದ್ರ ಮೊದಲು ಇದು ಬೇಕು.

3. ಸರ್ಕಾರದ ದುಡ್ಡಿನಿಂದ ಮಾಡಿಸುವ ಯಾವುದೇ ಮಾರಾಟ ತಾಣದ ತಂತ್ರಾಂಶ ತೆರೆದದ್ದೇ ಇರಬೇಕು. ಗುತ್ತಿಗೆದಾರ ಮಾಡಿ ಬೀಗ ಹಾಕಿಕೊಂಡು ಹೋದರೆ, ಟೆಂಡರ್ ಮುಗಿದ ದಿನ ಅಂಗಡಿನೂ ಮುಗೀತದ.

ನಾವೇ ಮಾಡಬೇಕಾದದ್ದು

ಸರ್ಕಾರ ಕೊಡೋತನಕ ಕೂಡಬೇಕಾಗಿಲ್ಲ. ಮೂರು ತಾಲೂಕಿನ ಹೊಲಿಯುವ ಮನಿಗಳ ಪಟ್ಟಿ ನಾವೇ ಮಾಡೋಣ. ನಾಲ್ಕೇ ನಮೂನಿಯಿಂದ ಶುರು ಮಾಡೋಣ, ನಲವತ್ತು ಬ್ಯಾಡ. ಪ್ರತಿ ಜೋಡಿಯ ಜೊತೆ ಅದನ್ನು ಮಾಡಿದವರ ಹೆಸರು ಹೋಗಲಿ, ಅವರು ಒಪ್ಪಿದರೆ ಮಾತ್ರ. ಮಾಲು ಕೊಟ್ಟ ದಿನವೇ ಅವರ ಖಾತೆಗೆ ದುಡ್ಡು ಬೀಳಲಿ. ಚಪ್ಪಲಿ ಹೊಲಿಯುವ ಮನಿಗಳಲ್ಲಿ ಅರ್ಧ ಕೆಲಸ ಹೆಣ್ಣುಮಕ್ಕಳದು, ಪಟ್ಟಿ ಹೆಣೆಯೋರು ಅವರೇ. ಖಾತೆ ಅವರ ಹೆಸರಲ್ಲೂ ಇರಲಿ.

ಎಲ್ಲಕ್ಕಿಂತ ದೊಡ್ಡ ಮಾತು ಲೆಕ್ಕದ್ದು. ಎಷ್ಟು ಬಂತು, ಎಷ್ಟು ಹೋಯ್ತು ಅಂತ ತಿಂಗಳಿಗೊಮ್ಮೆ ಅದೇ ತಾಣದಲ್ಲಿ ಹಾಕಬೇಕು. ನಮ್ಮ ಎಷ್ಟು ಸಂಘಗಳು ಲೆಕ್ಕದ ಜಗಳಕ್ಕೇ ಒಡೆದು ಹೋದವು, ಎಣಿಸಿ ನೋಡ್ರಿ. ತಂತ್ರಾಂಶ ತೆರೆದಿಟ್ಟು ಲೆಕ್ಕ ಮುಚ್ಚಿಟ್ಟರೆ ಹಳೇ ಸಾಹುಕಾರನ ಜಾಗದಾಗ ಹೊಸ ಸಾಹುಕಾರ ಕೂತಂಗ, ಅವನು ನಮ್ಮವನೇ ಆಗಿದ್ದರೂ.

ಕಂಪ್ಯೂಟರ್ ಬಲ್ಲ ತಮ್ಮಂದಿರು, ತಂಗಿಯರು ಬೆಂಗಳೂರು, ಪುಣೆಯಲ್ಲಿ ಬಹಳ ಮಂದಿ ಇದ್ದೀರಿ. ಜಯಂತಿಗೆ ಚಂದಾ ಕಳಿಸ್ತೀರಿ, ಸಂತೋಷ. ಈ ಸಲ ಚಂದಾದ ಜೊತಿ ವಾರಕ್ಕೆ ಒಂದು ತಾಸು ಕೊಡ್ರಿ. ಯಾರು ಸರ್ವರ್ ನೋಡ್ತೀರಿ, ಯಾರು ಕನ್ನಡಕ್ಕ ಅನುವಾದ ಮಾಡ್ತೀರಿ, ಯಾರು ಫೋಟೊ ಹೊಡೆಯೋದು ಕಲಿಸ್ತೀರಿ, ಕೆಳಗೆ ಬರೀರಿ. ಬರೇ ಲೈಕ್ ಒತ್ತಬ್ಯಾಡ್ರಿ. ಒಪ್ಪದವರು ಯಾಕ ಒಪ್ಪಲ್ಲ ಅಂತ ಬರೀರಿ, ವಾದ ಮಾಡೋಣ.

ಕಾಲಿನ ಅಳತಿ ತಗೊಳ್ಳಲು ನಮ್ಮ ಹಿರಿಯರು ಎಲ್ಲರ ಮುಂದ ತಲಿ ತಗ್ಗಿಸಿ ಕೂತರು. ನಾವು ತಲಿ ಎತ್ತಿ ಕೂತು ಅಳತಿ ತಗೊಳ್ಳೋಣ, ಬೆಲೆಯನ್ನೂ ನಾವೇ ಹೇಳೋಣ.

ಜೈ ಭೀಮ್.

#ಅಂಗಡಿನಮ್ಮದಾಗಲಿ #ಆಳಂದ #ಅಫಜಲಪುರ #ಜೇವರ್ಗಿ